ಕಾಗದದಲ್ಲಿ ಉಳಿತಾಯ, ಖಾತೆಯಲ್ಲಿ ಕಾಸಿಲ್ಲ: ವಾದ್ಯವೃಂದದ ಲೆಕ್ಕವನ್ನು ಮಂಡಳಿಗೆ ಹೇಗೆ ಬಿಡಿಸಿ ಹೇಳಲಿ?

ಹೊಸ_ವ್ಯವಸ್ಥಾಪಕಿ

ಎಲ್ಲರಿಗೂ ನಮಸ್ಕಾರ. ಅರವತ್ತಕ್ಕೂ ಹೆಚ್ಚು ವಾದಕರಿರುವ, ಲಾಭದ ಉದ್ದೇಶವಿಲ್ಲದ ಒಂದು ವಾದ್ಯವೃಂದದ ಆಡಳಿತವನ್ನು ಈ ವರ್ಷ ವಹಿಸಿಕೊಂಡಿದ್ದೇನೆ. ಇದಕ್ಕೂ ಮೊದಲು ನಾಟಕ ತಂಡಗಳ ಪ್ರವಾಸದ ಹೊಣೆ ನನ್ನದಾಗಿತ್ತು. ಸಾಗಾಟ, ವೇದಿಕೆ, ಕಲಾವಿದರ ಮುನಿಸು ಯಾವುದೂ ನನಗೆ ಹೊಸದಲ್ಲ. ತಲೆ ಕೆಡಿಸಿರುವುದು ಲೆಕ್ಕದ ಪುಸ್ತಕ.

ಕಳೆದ ವರ್ಷದ ಲೆಕ್ಕಪರಿಶೋಧನಾ ವರದಿಯ ಕೊನೆಯ ಸಾಲಿನಲ್ಲಿ ದೊಡ್ಡ ಮೊತ್ತದ ಉಳಿತಾಯ ಕಾಣುತ್ತದೆ. ಬ್ಯಾಂಕ್ ಖಾತೆ ನೋಡಿದರೆ, ಮುಂದಿನ ತಿಂಗಳ ಸಂಬಳ ಕೊಟ್ಟ ಮೇಲೆ ಅದರಾಚೆಯ ತಿಂಗಳಿಗೆ ಏನೂ ಉಳಿಯುವುದಿಲ್ಲ. ಮಂಡಳಿಯ ಅಧ್ಯಕ್ಷರು ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇಷ್ಟು ಉಳಿದಿದೆಯಲ್ಲ, ನಿಮಗೇಕೆ ಗಾಬರಿ?" ಎನ್ನುತ್ತಾರೆ. ವಾದಕರ ಪ್ರತಿನಿಧಿಗಳೂ ಅದೇ ಸಾಲನ್ನು ತೋರಿಸಿ ವೇತನ ಏರಿಸಿ ಎನ್ನುತ್ತಾರೆ. ಈ ಎರಡು ಕಡೆಯವರು ಒಂದೇ ಮಾತನ್ನು ನಂಬಿರುವುದು ಬಹುಶಃ ಇದೊಂದೇ ವಿಷಯದಲ್ಲಿ.

ಇದರ ನಡುವೆ ಹಿರಿಯ ದಾನಿಯೊಬ್ಬರು ದೊಡ್ಡ ದೇಣಿಗೆಯ ಮಾತೆತ್ತಿದ್ದಾರೆ. ಆದರೆ ಹೆಸರಾಂತ ಅತಿಥಿ ಕಲಾವಿದರನ್ನು ಕರೆಸುವುದಕ್ಕೆ ಮಾತ್ರ. ಮಂಡಳಿಯ ಇಬ್ಬರು ಸದಸ್ಯರು ದತ್ತಿ ನಿಧಿಯಿಂದ (ಅಸಲನ್ನು ಹೂಡಿಕೆಯಲ್ಲಿ ಉಳಿಸಿ, ವರ್ಷವರ್ಷ ಒಂದು ಪಾಲನ್ನು ಮಾತ್ರ ಬಳಸುವ ನಿಧಿ) "ಕೈಸಾಲ" ತೆಗೆದು ಈ ವರ್ಷ ದಾಟಿಸೋಣ ಎನ್ನುತ್ತಿದ್ದಾರೆ. ಅನುಭವಸ್ಥರು ದಾರಿ ತೋರಿಸಬೇಕು.

ಹಳೆಯ_ಖಜಾಂಚಿ

ಮೇಡಂ, ನಿಮ್ಮ ವರದಿಯೂ ಸುಳ್ಳಲ್ಲ, ಬ್ಯಾಂಕ್ ಖಾತೆಯೂ ಸುಳ್ಳಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳು.

ಮೊದಲು ವರದಿಯಲ್ಲಿ "ವಾಗ್ದಾನದ ದೇಣಿಗೆ" ಎಂಬ ಬಾಬ್ತು ಇದೆಯೇ ನೋಡಿ. ಯಾರಾದರೂ ಐದು ವರ್ಷ, ವರ್ಷಕ್ಕಿಷ್ಟು ಕೊಡುತ್ತೇನೆ ಎಂದು ಲಿಖಿತವಾಗಿ ಮಾತು ಕೊಟ್ಟಿದ್ದರೆ, ಹಲವು ದೇಶಗಳ ಲೆಕ್ಕಪದ್ಧತಿಯಲ್ಲಿ ಐದು ವರ್ಷದ ಹೆಚ್ಚು ಕಡಿಮೆ ಪೂರ್ತಿ ಮೊತ್ತವನ್ನು ಮಾತು ಕೊಟ್ಟ ವರ್ಷವೇ ಆದಾಯವೆಂದು ತೋರಿಸಬೇಕು. ಹಣ ಬಂದಿರುವುದು ಒಂದು ಕಂತು ಮಾತ್ರ. ಮೊದಲ ವರ್ಷ ಉಳಿತಾಯ ಉಕ್ಕಿ ಕಾಣುತ್ತದೆ, ಮುಂದಿನ ನಾಲ್ಕು ವರ್ಷ ಅದೇ ಸಂಸ್ಥೆ ಕೊರತೆಯಲ್ಲಿ ಕಾಣುತ್ತದೆ. ಆಡಳಿತ ಬದಲಾದದ್ದು ಆ ಎರಡನೇ ವರ್ಷದಲ್ಲಾದರೆ ಪಾಪ ಹೊಸಬರ ತಲೆಗೆ ಕಟ್ಟುತ್ತಾರೆ. ನಿಮ್ಮ ಕಥೆ ಇದೇ ಇರಬಹುದೆಂದು ನನ್ನ ಅನುಮಾನ.

ಎರಡನೆಯದು, ಷರತ್ತಿನ ಹಣ. ಮಕ್ಕಳ ಕಾರ್ಯಕ್ರಮಕ್ಕೆಂದು, ಹೊಸ ಟಿಂಪನಿ ಎಂಬ ದೊಡ್ಡ ನಗಾರಿಗಳಿಗೆಂದು, ಧ್ವನಿಮುದ್ರಣಕ್ಕೆಂದು ಕೊಟ್ಟದ್ದು ಖಾತೆಯಲ್ಲಿದ್ದರೂ ಸಂಬಳಕ್ಕೆ ಬರುವುದಿಲ್ಲ. ಒಟ್ಟು ಮೊತ್ತದಲ್ಲಿ ಮಾತ್ರ ಅದೂ ಸೇರಿಕೊಂಡು ಕೂತಿರುತ್ತದೆ.

ಮೂರನೆಯದೇ ನಿಜವಾದ ಕೊಕ್ಕೆ. ಮುಂದಿನ ಋತುವಿನ (ವರ್ಷದ ಕಛೇರಿ ಸರಣಿಯ) ಚಂದಾ ಟಿಕೆಟ್‌ಗಳನ್ನು ಯಾವಾಗ ಮಾರುತ್ತೀರಿ? ಬಹುತೇಕ ಕಡೆ ಈ ಋತು ಮುಗಿಯುವ ಮೊದಲೇ ಮಾರಾಟ ಶುರುವಾಗುತ್ತದೆ. ಹಣ ಕೈಗೆ ಬಂದ ಕೂಡಲೇ ಈ ಋತುವಿನ ಬಾಕಿ ಬಿಲ್ಲುಗಳಿಗೆ ಹೋಗುತ್ತದೆ. ಲೆಕ್ಕದಲ್ಲಿ ಅದು ಆದಾಯವಲ್ಲ, ಹೊಣೆ. ಇನ್ನೂ ನುಡಿಸದ ಕಛೇರಿಗೆ ಕೇಳುಗರಿಂದ ಪಡೆದ ಮುಂಗಡ. ಮುಂದಿನ ಋತು ಬಂದಾಗ ನುಡಿಸಬೇಕಾದ ಕಛೇರಿಗಳಿವೆ, ಹಣವಿಲ್ಲ. ಆಗ ಅದರ ಮುಂದಿನ ಋತುವಿನ ಮಾರಾಟವನ್ನು ಇನ್ನೊಂದು ತಿಂಗಳು ಮೊದಲೇ ಶುರು ಮಾಡುತ್ತಾರೆ. ಯಾವುದೇ ಸಂಸ್ಥೆಯ ಚಂದಾ ಮಾರಾಟ ವರ್ಷದಿಂದ ವರ್ಷಕ್ಕೆ ಬೇಗ ಬೇಗ ಶುರುವಾಗುತ್ತಿದ್ದರೆ ಅದನ್ನು ಉತ್ಸಾಹವೆಂದು ನಾನು ಓದುವುದಿಲ್ಲ.

2020ರಲ್ಲಿ ಸಭಾಂಗಣಗಳು ಮುಚ್ಚಿದಾಗ ಇದು ಎಲ್ಲರ ಕಣ್ಣಿಗೆ ಬಿತ್ತು. ಕಛೇರಿ ರದ್ದಾದರೆ ಟಿಕೆಟ್ ಹಣ ಹಿಂತಿರುಗಿಸಬೇಕು. ಹಣ ಅದಾಗಲೇ ಖರ್ಚಾಗಿತ್ತು. ಆಗ ಅನೇಕ ಸಂಸ್ಥೆಗಳು ಟಿಕೆಟ್ ಮೊತ್ತವನ್ನು ದೇಣಿಗೆಯಾಗಿ ಬಿಟ್ಟುಕೊಡಿ ಎಂದು ಕೇಳುಗರನ್ನು ಕೋರಿದವು, ತುಂಬ ಮಂದಿ ಬಿಟ್ಟುಕೊಟ್ಟರು. ಎಲ್ಲ ಸಲವೂ ಜನ ಅಷ್ಟು ದೊಡ್ಡ ಮನಸ್ಸು ಮಾಡಬೇಕಾಗಿಲ್ಲ.

ಹಾಗಾಗಿ ಅಧ್ಯಕ್ಷರ ಮುಂದೆ ಇಡೀ ವರದಿ ಇಡಬೇಡಿ. ಒಂದೇ ಹಾಳೆ ಇಡಿ: ಖಾತೆಯಲ್ಲಿರುವ ಒಟ್ಟು ಹಣ, ಅದರಲ್ಲಿ ಷರತ್ತಿನ ಹಣ ಕಳೆಯಿರಿ, ನುಡಿಸದ ಕಛೇರಿಗಳ ಮುಂಗಡ ಕಳೆಯಿರಿ, ಉಳಿದದ್ದು ಎಷ್ಟು ವಾರದ ಸಂಬಳ? ಕೊನೆಯ ಅಂಕಿ ರೂಪಾಯಿಯಲ್ಲೋ ಡಾಲರಿನಲ್ಲೋ ಬೇಡ, ವಾರಗಳಲ್ಲಿ ಇರಲಿ. ಉದ್ಯಮಿಗಳಿಗೆ ಅದು ತಕ್ಷಣ ಅರ್ಥವಾಗುತ್ತದೆ.

ಮೂಲೆ_ಕುರ್ಚಿ

ನಾನು ಇಂಥದೇ ಮಂಡಳಿಯೊಂದರ ಸದಸ್ಯ. ಖಜಾಂಚಿಯವರು ಹೇಳಿದ್ದು ಸರಿ, ಆದರೆ ಮಂಡಳಿಯವರೆಲ್ಲ ಲೆಕ್ಕ ಗೊತ್ತಿಲ್ಲದ ಮುಗ್ಧರು ಎಂಬ ಧಾಟಿ ಸರಿಯಲ್ಲ. ದತ್ತಿ ನಿಧಿ ಇರುವುದು ಯಾತಕ್ಕೆ? ಸಂಸ್ಥೆ ಉಸಿರುಗಟ್ಟುತ್ತಿರುವಾಗ ನಿಧಿಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡುವುದರಲ್ಲಿ ಅರ್ಥವೇನು? ಒಂದು ವರ್ಷ ಎರಡು ಕಂತು ಹೆಚ್ಚಿಗೆ ತೆಗೆದು ಮುಂದೆ ತುಂಬಿದರಾಯಿತು.

ಹಳೆಯ_ಖಜಾಂಚಿ

"ಮುಂದೆ ತುಂಬಿದರಾಯಿತು" ಎಂಬ ಮಾತಿಗೆ ನ್ಯೂಯಾರ್ಕ್ ಸಿಟಿ ಆಪೆರಾದ ಕಥೆ ಸಾಕು, ಸರ್. 1943ರಲ್ಲಿ ಹುಟ್ಟಿದ ಸಂಸ್ಥೆ, ಕಡಿಮೆ ಬೆಲೆಯ ಟಿಕೆಟಿಗೆ ಹೆಸರಾದದ್ದು. 2008–09ರಲ್ಲಿ ಅದರ ರಂಗಮಂದಿರ ನವೀಕರಣಕ್ಕೆ ಮುಚ್ಚಿತ್ತು. ಆ ಋತುವಿನಲ್ಲಿ ರಂಗಪ್ರಯೋಗಗಳು ಇರಲಿಲ್ಲವೆನ್ನುವಷ್ಟು ಕಡಿಮೆ. ಟಿಕೆಟ್ ಆದಾಯ ನಿಂತಿತು, ಖರ್ಚು ನಿಲ್ಲಲಿಲ್ಲ. ದತ್ತಿ ನಿಧಿಯಿಂದ ದೊಡ್ಡ ಮೊತ್ತ ತೆಗೆದು ಸಾಲ ಮತ್ತು ನಡೆಯುವ ಖರ್ಚು ತೀರಿಸಿದರು. ನಿಧಿ ಕರಗಿತು, ನಿಧಿಯಿಂದ ವರ್ಷವರ್ಷ ಬರುತ್ತಿದ್ದ ಆದಾಯವೂ ಕರಗಿತು, ಅದರಿಂದ ಮರುವರ್ಷದ ಕೊರತೆ ಇನ್ನೂ ಹಿಗ್ಗಿತು. 2013ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ. ಅದಕ್ಕೆ ಸ್ವಲ್ಪ ಮೊದಲು ಅಂತರ್ಜಾಲದಲ್ಲಿ ಸಾರ್ವಜನಿಕರಿಂದ ಹತ್ತು ಲಕ್ಷ ಡಾಲರ್ ಎತ್ತಲು ನೋಡಿದರು, ಗುರಿ ಮುಟ್ಟಲಿಲ್ಲ. 2016ರಲ್ಲಿ ಅದೇ ಹೆಸರಿನಲ್ಲಿ ಬೇರೆ ಆಡಳಿತ ಮತ್ತೆ ಶುರು ಮಾಡಿತು ಎನ್ನುವುದು ಬೇರೆ ಮಾತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಸುಮ್ಮನೆ ಹೇಳಿದ್ದಲ್ಲ.

ಇನ್ನೊಂದು ದಿಕ್ಕಿನ ಉದಾಹರಣೆ ಫಿಲಡೆಲ್ಫಿಯಾ ಆರ್ಕೆಸ್ಟ್ರಾ. 2011ರ ಏಪ್ರಿಲ್‌ನಲ್ಲಿ ಅದು ಸಾಲಗಾರರಿಂದ ನ್ಯಾಯಾಲಯದ ದಿವಾಳಿ ರಕ್ಷಣೆ ಕೇಳಿದಾಗ ಅದರ ದತ್ತಿ ನಿಧಿ ಹತ್ತು ಕೋಟಿ ಡಾಲರಿಗೂ ಮಿಕ್ಕಿತ್ತು. ಇಷ್ಟಿದ್ದೂ ದಿವಾಳಿಯೇ ಎಂದು ಜನ ಹುಬ್ಬೇರಿಸಿದರು. ನಿಧಿಯ ಬಹುಪಾಲಿಗೆ ದಾನಿಗಳ ಷರತ್ತಿತ್ತು, ಮುಟ್ಟುವಂತಿರಲಿಲ್ಲ. 2012ರಲ್ಲಿ ಅದು ಹೊರಬಂತು, ವಾದಕರ ವೇತನ ಕಡಿತವಾಗಿ, ವೃಂದ ಕಿರಿದಾಗಿ. ನಿಧಿ ದೊಡ್ಡದಾಗಿದ್ದರೆ ನಗದು ಇರುತ್ತದೆ ಎಂಬ ಭ್ರಮೆಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ.

ಸಾಮಾನ್ಯ ಪದ್ಧತಿ ಎಂದರೆ, ಹಿಂದಿನ ಮೂರು ವರ್ಷಗಳ ಸರಾಸರಿ ಮೌಲ್ಯದ ಶೇ 4ರಿಂದ 5ರಷ್ಟನ್ನು ವರ್ಷಕ್ಕೆ ತೆಗೆಯುವುದು. ಸರಾಸರಿ ಏಕೆಂದರೆ ಮಾರುಕಟ್ಟೆ ಬಿದ್ದ ವರ್ಷವೇ ಸಂಬಳಕ್ಕೂ ಕತ್ತರಿ ಬೀಳಬಾರದು. ಅದರ ಮೇಲೆ ತೆಗೆಯಲೇಬೇಕಾದರೆ ಮಂಡಳಿಯ ಲಿಖಿತ ನಿರ್ಣಯ, ಹಿಂತಿರುಗಿಸುವ ದಿನಾಂಕ, ಯಾವ ಆದಾಯದಿಂದ ಎಂಬ ವಿವರ ಇವು ಇರಬೇಕು. "ಕೈಸಾಲ" ಎಂದವರನ್ನು ಈ ಮೂರನ್ನೂ ಬರೆದುಕೊಡಿ ಎಂದು ಕೇಳಿ ನೋಡಿ. ಮೂರನೆಯದನ್ನು ಬರೆಯಲು ಕೂತಾಗ ಪೆನ್ನು ಓಡುವುದಿಲ್ಲ.

ಎರಡನೇ_ಪಿಟೀಲು

ಇಷ್ಟು ಹೊತ್ತು ಎಲ್ಲರೂ ಅಧ್ಯಕ್ಷರಿಗೆ ಹೇಗೆ ಹೇಳುವುದು ಎಂದೇ ಮಾತನಾಡುತ್ತಿದ್ದೀರಿ. ನಮಗೆ ಯಾರು ಹೇಳುತ್ತಾರೆ? ಆ ಒಂದು ಹಾಳೆ ಮಂಡಳಿಯ ಕೋಣೆಯಲ್ಲೇ ಉಳಿದರೆ ವೇದಿಕೆಯ ಮೇಲಿನವರು ಊಹೆಯಿಂದಲೇ ಕೆಲಸ ನಡೆಸಬೇಕು, ಊಹೆ ಯಾವತ್ತೂ ಆಡಳಿತದ ಪರವಾಗಿ ಇರುವುದಿಲ್ಲ.

ಅಮೆರಿಕದ ಮಿನ್ನೆಸೋಟ ವಾದ್ಯವೃಂದದಲ್ಲಿ 2012ರ ಅಕ್ಟೋಬರ್‌ನಿಂದ 2014ರ ಜನವರಿಯವರೆಗೆ ವಾದಕರನ್ನು ಹೊರಗಿಟ್ಟು ಬಾಗಿಲು ಹಾಕಿದ್ದರು. ಒಂದು ಇಡೀ ಋತುವೇ ಹೋಯಿತು. ಸಭಾಂಗಣದ ನವೀಕರಣಕ್ಕೆ ಸುಮಾರು 5 ಕೋಟಿ ಡಾಲರ್ ಹೊಂದಿಸುತ್ತಿದ್ದ ಸಂಸ್ಥೆಯೇ ವಾದಕರಿಗೆ ಭಾರೀ ವೇತನ ಕಡಿತ ಮುಂದಿಟ್ಟಿತ್ತು. ಕಟ್ಟಡದ ಹಣ ಸಂಬಳಕ್ಕೆ ಬರುವುದಿಲ್ಲ ಎನ್ನುವುದು ಖಜಾಂಚಿಯವರ ಪಾಠ, ಒಪ್ಪುತ್ತೇನೆ. ಆದರೆ ಸರ್ಕಾರದ ನೆರವು ಕೇಳುವ ವರ್ಷಗಳಲ್ಲಿ ಆಯವ್ಯಯ ಸರಿದೂಗುವಂತೆ, ಒಪ್ಪಂದದ ಮಾತುಕತೆಯ ವರ್ಷಗಳಲ್ಲಿ ಕೊರತೆ ಕಾಣುವಂತೆ ಲೆಕ್ಕ ಹೊಂದಿಸುವ ಯೋಚನೆ ಮಂಡಳಿಯ ನಡಾವಳಿಯಲ್ಲೇ ಇತ್ತು ಎಂದು ಪತ್ರಿಕೆಯಲ್ಲಿ ವರದಿಯಾಯಿತು. ಅಂಥದ್ದನ್ನು ಓದಿದ ವಾದಕ ಮುಂದೆ ಯಾವ ಅಂಕಿಯನ್ನು ನಂಬುತ್ತಾನೆ? ಸಂಗೀತ ನಿರ್ದೇಶಕ ಓಸ್ಮೊ ವಾನ್ಸ್ಕಾ 2013ರಲ್ಲಿ ರಾಜೀನಾಮೆ ಕೊಟ್ಟು ಹೋದರು. ಒಪ್ಪಂದವಾದ ಮೇಲೆ 2014ರಲ್ಲಿ ಮರಳಿದರು. ಕೊನೆಗೆ ವಾದಕರು ಒಪ್ಪಿದ್ದು ಮೊದಲು ಕೇಳಿದ್ದಕ್ಕಿಂತ ಎಷ್ಟೋ ಸಣ್ಣ ಕಡಿತಕ್ಕೆ.

ಅಂಕಿಗಿಂತ ಅಂಕಿಯ ಮೇಲಿನ ನಂಬಿಕೆ ಹೋದದ್ದು ದೊಡ್ಡ ನಷ್ಟ. ಮೇಡಂ, ನಿಮ್ಮ ಕೈಯಲ್ಲಿರುವುದು ಒಂದೇ ಹಾಳೆಯಾದರೆ ಅದರ ಎರಡು ಪ್ರತಿ ತೆಗೆಯಿರಿ. ಒಂದು ಅಧ್ಯಕ್ಷರಿಗೆ, ಒಂದು ನಮ್ಮಂಥವರ ಸೂಚನಾ ಫಲಕಕ್ಕೆ. ಪ್ರತಿ ತಿಂಗಳೂ, ಒಳ್ಳೆಯ ತಿಂಗಳಲ್ಲೂ. ಕೆಟ್ಟ ಕಾಲ ಬಂದಾಗ ಮಾತ್ರ ತೆರೆಯುವ ಪುಸ್ತಕವನ್ನು ಯಾರೂ ನಂಬುವುದಿಲ್ಲ.

ಮೂಲೆ_ಕುರ್ಚಿ

ಪಿಟೀಲಿನವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಸೂಚನಾ ಫಲಕದಲ್ಲಿ "ಆರು ವಾರದ ಸಂಬಳ ಮಾತ್ರ ಇದೆ" ಎಂದು ಅಂಟಿಸಿದ ಮರುದಿನ ಆ ಸುದ್ದಿ ದಾನಿಗಳ ಕಿವಿಗೆ ಬೀಳುತ್ತದೆ. ಮುಳುಗುವ ಸಂಸ್ಥೆಗೆ ಯಾರೂ ದೇಣಿಗೆ ಕೊಡುವುದಿಲ್ಲ. ಚಂದಾದಾರರು ಮುಂಗಡ ಕೊಡುವುದಿಲ್ಲ. ನೀವು ಬಯಸಿದ ಪಾರದರ್ಶಕತೆಯೇ ನಿಮ್ಮ ಸಂಬಳಕ್ಕೆ ಕುತ್ತು ತರಬಹುದು. ಇನ್ನು ವಾದಕರನ್ನು ಮಂಡಳಿಯಲ್ಲಿ ಕೂರಿಸಿದರೆ, ತಮ್ಮ ವೇತನವನ್ನು ತಾವೇ ನಿರ್ಧರಿಸಿದಂತಾಗುವುದಿಲ್ಲವೇ?

ಎರಡನೇ_ಪಿಟೀಲು

ತಮ್ಮ ವೇತನವನ್ನು ತಾವೇ ನಿರ್ಧರಿಸುವ ವಾದ್ಯವೃಂದಗಳು ಜಗತ್ತಿನಲ್ಲಿ ಇವೆ, ಸರ್, ಹಾಗೆಂದು ಅವು ಮುಳುಗಿಲ್ಲ. ವಿಯೆನ್ನಾ ಫಿಲ್‌ಹಾರ್ಮೋನಿಕ್ 1842ರಿಂದ ವಾದಕರೇ ನಡೆಸುವ ಸಂಘ. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿದ್ದೇ ಜಗಳದಿಂದ. ಆಗಿನ ಲಂಡನ್ನಿನಲ್ಲಿ ಹೆಚ್ಚು ಸಂಭಾವನೆಯ ಬೇರೆ ಕಛೇರಿ ಸಿಕ್ಕರೆ ವಾದಕ ತನ್ನ ಬದಲಿಯನ್ನು ತಾಲೀಮಿಗೆ ಕಳಿಸುವ ರೂಢಿ ಇತ್ತು. ಕ್ವೀನ್ಸ್ ಹಾಲ್ ವೃಂದದ ಹೆನ್ರಿ ವುಡ್ ಅದನ್ನು ನಿಷೇಧಿಸಿದರು. ಸಿಟ್ಟಾದ ವಾದಕರು ಹೊರನಡೆದು 1904ರಲ್ಲಿ ತಮ್ಮದೇ ವೃಂದ ಕಟ್ಟಿದರು. ಇಂದಿಗೂ ಅದರ ನಿರ್ದೇಶಕ ಮಂಡಳಿಯಲ್ಲಿ ವಾದಕರಿದ್ದಾರೆ. ನ್ಯೂ ಆರ್ಲಿಯನ್ಸ್‌ನಲ್ಲಿ ಹಳೆಯ ಸಿಂಫನಿ ಮುಚ್ಚಿದಾಗ ಅದರ ವಾದಕರೇ ಸೇರಿ 1991ರಲ್ಲಿ ಲೂಸಿಯಾನಾ ಫಿಲ್‌ಹಾರ್ಮೋನಿಕ್ ಶುರು ಮಾಡಿದರು. ಖಾತೆಯಲ್ಲಿ ಹಣವಿಲ್ಲ ಎಂದು ತಮಗೇ ಗೊತ್ತಾದಾಗ ವಾದಕರು ಕಡಿಮೆ ಸಂಬಳವನ್ನೂ ಒಪ್ಪುತ್ತಾರೆ. ಗೊತ್ತಿಲ್ಲದಾಗ ಒಪ್ಪುವುದಿಲ್ಲ.

ಹಳೆಯ_ಖಜಾಂಚಿ

ಇಬ್ಬರಿಗೂ ಅರ್ಧ ಅಂಕ. ವಾದಕರ ಪ್ರತಿನಿಧಿಗಳು ಹಣಕಾಸು ಸಮಿತಿಯಲ್ಲಿ ಕೂರಲಿ, ವೇತನ ಮಾತುಕತೆಯ ಸಮಿತಿಯಲ್ಲಿ ಮಂಡಳಿಯ ಕಡೆಯಿಂದ ಕೂರುವುದು ಬೇಡ. ಅಂಕಿಗಳನ್ನು ಒಟ್ಟಿಗೆ ಓದಿ, ಅಂಕಿಗಳ ಅರ್ಥದ ಬಗ್ಗೆ ಬೇರೆ ಬೇರೆಯಾಗಿ ಜಗಳವಾಡಿ. ಸೂಚನಾ ಫಲಕಕ್ಕಿಂತ ತಿಂಗಳಿಗೊಮ್ಮೆ ತಾಲೀಮು ಮುಗಿದ ಮೇಲೆ ಹತ್ತು ನಿಮಿಷ ನಿಂತು ಬಾಯಿಮಾತಿನಲ್ಲಿ ಹೇಳುವುದು ಒಳ್ಳೆಯದು. ಕಾಗದ ಹಾರಾಡುತ್ತದೆ.

ತಾಲೀಮು_ಹಾಳೆ

ವಾದಕರ ಹಾಜರಿ ಮತ್ತು ತಾಲೀಮಿನ ವೇಳಾಪಟ್ಟಿ ನೋಡಿಕೊಳ್ಳುವವನು ನಾನು. ದತ್ತಿ, ದಿವಾಳಿಗಳ ನಡುವೆ ಒಂದು ಮಾತು ಯಾರೂ ಎತ್ತಲಿಲ್ಲ: ವಾದ್ಯವೃಂದದ ನಿಜವಾದ ಆಯವ್ಯಯ ಬರೆಯುವುದು ಲೆಕ್ಕಪತ್ರ ವಿಭಾಗವಲ್ಲ, ಮುಂದಿನ ಋತುವಿನಲ್ಲಿ ಯಾವ ಕೃತಿ ನುಡಿಸಬೇಕೆಂದು ನಿರ್ಧರಿಸುವ ಸಭೆ.

ಚೆಕ್ ಸಂಗೀತ ರಚನಕಾರ ಡ್ವೊರ್ಜಾಕ್‌ನ ಒಂಬತ್ತನೆಯ ಸಿಂಫನಿ ತೆಗೆದುಕೊಳ್ಳಿ. ಎಲ್ಲರಿಗೂ ಪ್ರಿಯ, ಟಿಕೆಟ್ ಖಾಲಿಯಾಗುವ ಕೃತಿ. ಅದರಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಊದುವಾದ್ಯ ನುಡಿಸುವುದು ಎರಡನೆಯ ಭಾಗದಲ್ಲಿ ಮಾತ್ರ, ಅದೂ ಕೆಲವೇ ಸ್ವರ. ಉಳಿದ ಮೂರು ಭಾಗಗಳಲ್ಲಿ ಅವರು ವಾದ್ಯವನ್ನು ತೊಡೆಯ ಮೇಲಿಟ್ಟು ಕೂತಿರುತ್ತಾರೆ. ತಾಲೀಮಿಗೂ ಬರಬೇಕು, ಕಛೇರಿಗೂ ಬರಬೇಕು, ಪೂರ್ತಿ ಸಂಭಾವನೆಯೂ ಸಲ್ಲಬೇಕು. ಕೊನೆಯ ಭಾಗದಲ್ಲಿ ತಾಳದ ತಟ್ಟೆಗಳದ್ದೂ ಹೆಚ್ಚು ಕಡಿಮೆ ಇದೇ ಪಾಡು. ಟ್ಯೂಬಾ ವಾದಕರು ಸಂಬಳದ ನೌಕರರಾದರೆ ಹೊರೆಯಿಲ್ಲ. ಕಛೇರಿಗಿಷ್ಟು ಎಂದು ಹೊರಗಿನಿಂದ ಕರೆಸುವ ಸಂಸ್ಥೆಯಾದರೆ ಅದೇ ಕಾರ್ಯಕ್ರಮದಲ್ಲಿ ಟ್ಯೂಬಾಗೆ ಕೆಲಸವಿರುವ ಇನ್ನೊಂದು ಕೃತಿ ಸೇರಿಸುವುದು ಜಾಣತನ. ಹಾರ್ಪ್ ಕರೆಸಿದ ವಾರ ಹಾರ್ಪ್ ಇರುವ ಎರಡು ಕೃತಿ, ಹೆಚ್ಚುವರಿ ಹಾರ್ನ್ ಬಂದ ವಾರ ಅವರಿಗೆ ತಕ್ಕ ಎರಡು ಕೃತಿ. ಮರುವಾರ ಟ್ರಂಬೋನ್ ಬೇಕಿಲ್ಲದ ಮೊಜಾರ್ಟ್ ಸಿಂಫನಿ. ಕೇಳುಗರಿಗೆ ಇದು ಗೊತ್ತಾಗುವುದೇ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಸ್ವರಲಿಪಿಯ ಪ್ರತಿಗಳಲ್ಲೂ ಹೀಗೆಯೇ. 1904ರಲ್ಲಿ ತೀರಿಕೊಂಡ ಡ್ವೊರ್ಜಾಕ್‌ನ ಕೃತಿಸ್ವಾಮ್ಯ ಮುಗಿದಿದೆ. ಪ್ರತಿಗಳನ್ನು ಒಮ್ಮೆ ಕೊಂಡರೆ ಸಾಕು, ಅವುಗಳ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿದ ಪಿಟೀಲಿನ ಕಮಾನಿನ ಮೇಲು ಕೆಳಗುಗಳೂ ಮುಂದಿನ ಸಲಕ್ಕೆ ಉಳಿಯುತ್ತವೆ. 1975ರಲ್ಲಿ ತೀರಿಕೊಂಡ ರಷ್ಯದ ಸಂಗೀತ ರಚನಕಾರ ಶೊಸ್ಟಾಕೊವಿಚ್‌ನ ಸಿಂಫನಿಗಳಿಗೆ ಬಹುತೇಕ ದೇಶಗಳಲ್ಲಿ ಪ್ರಕಾಶಕರಿಗೆ ಪ್ರತಿ ಸಲವೂ ಬಾಡಿಗೆ ಕೊಡಬೇಕು, ಮುಗಿದ ಮೇಲೆ ಗುರುತುಗಳನ್ನು ಅಳಿಸಿ ಹಿಂತಿರುಗಿಸಬೇಕು. ಹಾಗೆಂದು ಶೊಸ್ಟಾಕೊವಿಚ್ ಬೇಡವೆನ್ನುತ್ತಿಲ್ಲ. ಬೆಲೆ ತಿಳಿದು ಆರಿಸಿ ಎನ್ನುತ್ತಿದ್ದೇನೆ.

ಇನ್ನು ತಾಲೀಮು. ಕಂಡಕ್ಟರ್ ತಮಗಿಷ್ಟ ಬಂದ ಕ್ರಮದಲ್ಲಿ ತಾಲೀಮು ಮಾಡಿದರೆ ಮೂರು ಟ್ರಂಬೋನ್ ವಾದಕರು ಒಂದೂವರೆ ಗಂಟೆ ಸುಮ್ಮನೆ ಕೂತು ಕೊನೆಗೆ ಇಪ್ಪತ್ತು ನಿಮಿಷ ನುಡಿಸುತ್ತಾರೆ. ದೊಡ್ಡ ವೃಂದದ ಕೃತಿ ಮೊದಲು, ಚಿಕ್ಕದು ಕೊನೆಗೆ ಎಂಬ ಒಂದು ನಿಯಮದಿಂದ ವಾದಕರ ಮುಖದಲ್ಲಿ ಎಷ್ಟು ಗೆಲುವು ಬರುತ್ತದೆಂದರೆ, ವೇತನ ಮಾತುಕತೆಯಲ್ಲೂ ಅದು ಕಾಣುತ್ತದೆ. ಹೆಚ್ಚುವರಿ ಸಮಯದ ಲೆಕ್ಕವಂತೂ ಕೇಳಬೇಡಿ. ನಿಗದಿತ ಸಮಯ ಮುಗಿಯುವ ಐದು ನಿಮಿಷಕ್ಕೆ ಮೊದಲು ನಾನು ವೇದಿಕೆಯ ಪಕ್ಕದ ಪರದೆಯ ಹತ್ತಿರ ಬಂದು ನಿಲ್ಲುತ್ತೇನೆ. ಮೊದಲ ಪಿಟೀಲಿನ ಮುಖ್ಯಸ್ಥರು ನನ್ನನ್ನು ನೋಡುತ್ತಾರೆ, ಆಮೇಲೆ ಕಂಡಕ್ಟರನ್ನು ನೋಡುತ್ತಾರೆ. ಕಂಡಕ್ಟರ್ "ಕೊನೆಯ ಎಂಟು ಸಾಲು ಇನ್ನೊಂದು ಸಲ" ಎಂದರೋ, ಒಬ್ಬರಿಗಲ್ಲ, ವೇದಿಕೆಯ ಮೇಲಿರುವ ಎಲ್ಲರಿಗೂ ಹೆಚ್ಚುವರಿ ವೇತನ. ಆ ಎಂಟು ಸಾಲಿನ ಬೆಲೆಯನ್ನು ಬರೆದು ಕಂಡಕ್ಟರ ಮೇಜಿನ ಮೇಲೆ ಇಟ್ಟರೆ ಮುಂದಿನ ಸಲ ಗಡಿಯಾರ ನೋಡುತ್ತಾರೆ. ಸಂಗೀತ ನಿರ್ದೇಶಕರಿಗೂ ಪುಸ್ತಕ ತೆರೆದಿರಲಿ. ಬರೀ ಮಂಡಳಿ, ವಾದಕರು ಸಾಲದು.

ನಾಟಕದವನು

ಮೇಡಂ ನಾಟಕದ ಕಡೆಯಿಂದ ಬಂದವರಾದ್ದರಿಂದ ಒಂದು ಮಾತು. ನಮ್ಮಲ್ಲಿ ನಾಟಕ ಒಮ್ಮೆ ಕೂಡಿಬಂದರೆ ಮೂವತ್ತು, ನಲವತ್ತು ಪ್ರದರ್ಶನ ಎಳೆಯಬಹುದು. ತಾಲೀಮಿನ ಖರ್ಚು ಅಷ್ಟೂ ಪ್ರದರ್ಶನಗಳ ಮೇಲೆ ಹಂಚಿಹೋಗುತ್ತದೆ. ವಾದ್ಯವೃಂದ ನಾಲ್ಕು ತಾಲೀಮು ಮಾಡಿ, ಎರಡೋ ಮೂರೋ ಸಲ ನುಡಿಸಿ, ಅದನ್ನು ಬದಿಗಿಟ್ಟು ಮರುವಾರ ಹೊಸದಕ್ಕೆ ಕೈ ಹಾಕುತ್ತದೆ. ಇಂಥ ದುಂದು ನಮಗೆ ಊಹಿಸಲೂ ಆಗುವುದಿಲ್ಲ. ಅದೇ ಕಾರ್ಯಕ್ರಮವನ್ನು ಅಕ್ಕಪಕ್ಕದ ಸಭಾಂಗಣಗಳಿಗೆ ಒಯ್ಯಬಾರದೇ?

ಹಳೆಯ_ಖಜಾಂಚಿ

ಒಯ್ಯಬಹುದು, ಸಾಗಾಟ ಮತ್ತು ವಸತಿಯ ಖರ್ಚು ಟಿಕೆಟ್ ಆದಾಯವನ್ನು ನುಂಗದಿದ್ದರೆ. ಅರವತ್ತು ಜನ, ಡಬಲ್ ಬಾಸ್‌ಗಳು, ಟಿಂಪನಿ. ನಾಟಕದ ಎಂಟು ಪಾತ್ರಧಾರಿಗಳಂತೆ ಒಂದು ವ್ಯಾನಿನಲ್ಲಿ ಹಿಡಿಸುವುದಿಲ್ಲ.

ನಾಟಕದವರು ದುಂದು ಎಂದದ್ದಕ್ಕೆ ಒಂದು ತಿದ್ದುಪಡಿ. 1966ರಲ್ಲಿ ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೊವೆನ್ ಎಂಬ ಅರ್ಥಶಾಸ್ತ್ರಜ್ಞರು ಪ್ರದರ್ಶನ ಕಲೆಗಳ ಆರ್ಥಿಕತೆಯನ್ನು ಅಧ್ಯಯನ ಮಾಡಿ ಒಂದು ಸರಳ ಮಾತು ಹೇಳಿದರು. ಐದು ಜನ ಅರ್ಧ ಗಂಟೆ ನುಡಿಸುವ ಕೃತಿಗೆ ಎರಡೂವರೆ ಗಂಟೆಯ ಶ್ರಮ ಬೇಕು. ಅದನ್ನು ಬರೆದ ಕಾಲಕ್ಕೂ ಅಷ್ಟೇ, ಇಂದಿಗೂ ಅಷ್ಟೇ. ಕಾರ್ಖಾನೆಯಲ್ಲಿ ಯಂತ್ರ ಬಂದು ಅದೇ ಶ್ರಮಕ್ಕೆ ಹತ್ತು ಪಟ್ಟು ಸರಕು ಸಿಗುತ್ತದೆ, ಅಲ್ಲಿಯ ಕೂಲಿ ಏರುತ್ತದೆ. ವಾದಕರೂ ಅದೇ ಮಾರುಕಟ್ಟೆಯಲ್ಲಿ ಬದುಕಬೇಕಾದ್ದರಿಂದ ಅವರ ವೇತನವೂ ಏರಬೇಕು, ಆದರೆ ಅವರು ಸಿಂಫನಿಯನ್ನು ವೇಗವಾಗಿ ನುಡಿಸಿ ಮುಗಿಸುವಂತಿಲ್ಲ. ಹಾಗಾಗಿ ಖರ್ಚು ಮತ್ತು ಟಿಕೆಟ್ ಆದಾಯದ ನಡುವಿನ ಅಂತರ ತಾನಾಗಿಯೇ ಹಿಗ್ಗುತ್ತದೆ, ಯಾರೂ ಏನೂ ತಪ್ಪು ಮಾಡದೆಯೇ. ಅದೇ 1966ರಲ್ಲಿ ಫೋರ್ಡ್ ಪ್ರತಿಷ್ಠಾನ ಅಮೆರಿಕದ 61 ವಾದ್ಯವೃಂದಗಳಿಗೆ ಸುಮಾರು 8 ಕೋಟಿ ಡಾಲರ್ ಹಂಚಿತು, ಬಹುಪಾಲು ದತ್ತಿ ನಿಧಿಯ ರೂಪದಲ್ಲಿ. ಋತುಗಳು ಉದ್ದವಾದವು, ವಾದಕರಿಗೆ ವರ್ಷವಿಡೀ ಕೆಲಸ ಸಿಕ್ಕಿತು, ಖರ್ಚೂ ಅದರ ಜೊತೆಗೇ ಬೆಳೆಯಿತು. ಅಂತರ ಮುಚ್ಚಲಿಲ್ಲ.

ಮಂಡಳಿಗೆ ಇದನ್ನೂ ಹೇಳಿ. "ಯಾವಾಗ ನಮ್ಮ ಕಾಲ ಮೇಲೆ ನಾವು ನಿಲ್ಲುತ್ತೇವೆ?" ಎಂದು ಕೇಳುವ ಉದ್ಯಮಿ ಸದಸ್ಯರು ಪ್ರತಿ ಮಂಡಳಿಯಲ್ಲೂ ಇರುತ್ತಾರೆ. ಟಿಕೆಟಿನಿಂದಲೇ ನಿಲ್ಲುವ ದಿನ ಬರುವುದಿಲ್ಲ. ಪ್ರತಿ ವರ್ಷ ದೇಣಿಗೆಯೋ ಅನುದಾನವೋ ಸ್ವಲ್ಪ ಸ್ವಲ್ಪ ಹೆಚ್ಚಬೇಕು, ಅದನ್ನು ಹೆಚ್ಚಿಸುವುದು ಮಂಡಳಿಯ ಕೆಲಸ.

ಟಿಕೆಟ್_ಕಿಟಕಿ

ಟಿಕೆಟ್ ಆದಾಯವನ್ನು ಇಷ್ಟು ಬೇಗ ಕೈಬಿಡಬೇಡಿ. ಖಜಾಂಚಿಯವರೇ ಹೇಳಿದಂತೆ ಅದು ಪೂರ್ತಿ ಖರ್ಚು ತುಂಬುವುದಿಲ್ಲ, ಆದರೆ ಬಹುತೇಕ ದಾನಿಗಳು ಮೊದಲು ಟಿಕೆಟ್ ಕೊಂಡವರೇ ಆಗಿರುತ್ತಾರೆ. ನಾನು ಮಾರಾಟದ ಕಡೆಯವಳು. ನನ್ನ ದೂರು ಏನೆಂದರೆ ಎಲ್ಲರೂ ಹೊಸ ಕೇಳುಗರನ್ನು ತರಲು ಜಾಹೀರಾತಿಗೆ ಸುರಿಯುತ್ತಾರೆ, ಒಮ್ಮೆ ಬಂದವರನ್ನು ಎರಡನೆಯ ಸಲ ಕರೆಯುವುದನ್ನು ಮರೆಯುತ್ತಾರೆ. ಮೊದಲ ಸಲ ಬಂದವರಿಗೆ ವಾರದೊಳಗೆ ಒಂದು ಪತ್ರ, ಮುಂದಿನ ಕಛೇರಿಗೆ ರಿಯಾಯಿತಿ, ಅಷ್ಟೇ. ದೇಣಿಗೆ ಕೇಳಬೇಡಿ! ಒಂದೇ ಸಲ ಬಂದವರಿಗೆ ಮರುದಿನವೇ ದೇಣಿಗೆಯ ಕರೆ ಹೋಗುವ ಸಂಸ್ಥೆಗಳಿವೆ, ಅವರು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ.

ಡೆಟ್ರಾಯಿಟ್ ಸಿಂಫನಿಯಲ್ಲಿ 2010ರ ಅಕ್ಟೋಬರ್‌ನಿಂದ ಆರು ತಿಂಗಳು ಮುಷ್ಕರ ನಡೆಯಿತು. ಮುಗಿದ ಮೇಲೆ ಅವರು ಕಛೇರಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೇರಪ್ರಸಾರ ಮಾಡಿದರು, ಮುಖ್ಯ ಸಭಾಂಗಣ ಬಿಟ್ಟು ಸುತ್ತಲಿನ ಬಡಾವಣೆಗಳಿಗೆ ಹೋಗಿ ನುಡಿಸಿದರು. ಮುನಿಸಿಕೊಂಡ ಕೇಳುಗರನ್ನು ಮರಳಿ ಕರೆಯಲು ಅದು ಮಾರಾಟದ ಉಪಾಯವೂ ಹೌದು, ಕ್ಷಮೆಯ ದಾರಿಯೂ ಹೌದು. ನಾಟಕದವರು ಹೇಳಿದ್ದು ಅಲ್ಲಿ ಸ್ವಲ್ಪ ಮಟ್ಟಿಗೆ ನಡೆದಿದೆ.

ಹೊಸ_ವ್ಯವಸ್ಥಾಪಕಿ

ಎಲ್ಲರಿಗೂ ಧನ್ಯವಾದ. ಖಜಾಂಚಿಯವರ ಅನುಮಾನ ಸರಿ: ವರದಿಯ ಉಳಿತಾಯದಲ್ಲಿ ಬಹುಪಾಲು ಒಂದೇ ವಾಗ್ದಾನದ್ದು, ಅದರ ಎರಡನೇ ಕಂತೇ ಇನ್ನೂ ಬಂದಿಲ್ಲ. ಹಾಳೆ ಮಾಡಿ ಅಧ್ಯಕ್ಷರಿಗೆ ಕೊಟ್ಟೆ. ಕೊನೆಯ ಸಾಲನ್ನು ಎರಡು ಸಲ ಓದಿ, "ವಾರಗಳೇ? ತಿಂಗಳುಗಳಲ್ಲವೇ?" ಎಂದರು. ದತ್ತಿ ನಿಧಿಯ ಕೈಸಾಲದ ಮಾತು ಸದ್ಯಕ್ಕೆ ನಿಂತಿದೆ. ವಾದಕರ ಇಬ್ಬರು ಪ್ರತಿನಿಧಿಗಳನ್ನು ಹಣಕಾಸು ಸಮಿತಿಗೆ ಕರೆಯಲು ಒಪ್ಪಿದ್ದಾರೆ, ಮತದ ಹಕ್ಕಿಲ್ಲದೆ. ಪಿಟೀಲಿನವರಿಗೆ ಇದು ಸಾಲದು ಎಂದು ಗೊತ್ತು.

ಉಳಿದಿರುವುದು ದಾನಿ. ಬೇಡ ಎನ್ನುವಂತಿಲ್ಲ, ಬೇಕು ಎಂದರೆ ಖರ್ಚು ಹೆಚ್ಚುತ್ತದೆ.

ಎರಡನೇ_ಪಿಟೀಲು

ಸಾಲದು. ಆದರೂ ಕುರ್ಚಿ ಸಿಕ್ಕಿದೆ, ಮತವನ್ನು ಮುಂದಿನ ವರ್ಷ ಕೇಳುತ್ತೇವೆ.

ಮೂಲೆ_ಕುರ್ಚಿ

ದಾನಿಯ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿದೆ, ನಾನೂ ಆ ಕಡೆ ಕೂತವನು. ಅತಿಥಿ ಕಲಾವಿದರ ಸಂಭಾವನೆಯನ್ನಷ್ಟೇ ದಾನಿಯ ಮುಂದಿಡಬೇಡಿ. ಅವರು ಬಂದರೆ ಒಂದು ಹೆಚ್ಚುವರಿ ತಾಲೀಮು, ಪಿಯಾನೊ ಆದರೆ ತಾಲೀಮಿಗೊಮ್ಮೆ ಕಛೇರಿಗೊಮ್ಮೆ ಶ್ರುತಿ, ಪ್ರಯಾಣ, ವಸತಿ, ಪ್ರಚಾರ, ಕಚೇರಿ ಸಿಬ್ಬಂದಿಯ ಸಮಯ, ಆ ಸಂಜೆಯ ಇಡೀ ವೃಂದದ ಸಂಬಳದ ಪಾಲು. ಇವೆಲ್ಲ ಸೇರಿದ್ದೇ ಆ ಕಛೇರಿಯ ಬೆಲೆ. ಸಂಭಾವನೆ ಮಾತ್ರ ಕೊಟ್ಟು ಉಳಿದದ್ದನ್ನು ಸಂಸ್ಥೆಯ ತಲೆಗೆ ಬಿಡುವ ದೇಣಿಗೆ ಉಡುಗೊರೆಯ ವೇಷದ ಬಿಲ್ಲು. ಪೂರ್ತಿ ಬೆಲೆಯ ಪಟ್ಟಿ ಇಟ್ಟು, "ನಿಮ್ಮ ಹೆಸರಿನ ಸಂಜೆ ಇಷ್ಟಕ್ಕೆ ಆಗುತ್ತದೆ" ಎನ್ನಿ. ಗಂಭೀರ ದಾನಿಗಳು ಇದರಿಂದ ಮುನಿಸಿಕೊಳ್ಳುವುದಿಲ್ಲ. ತಮ್ಮ ವ್ಯವಹಾರದಲ್ಲಿ ಅವರು ಹಾಗೆಯೇ ಲೆಕ್ಕ ಹಾಕುವವರು.

ಅದಕ್ಕೂ ಒಪ್ಪದಿದ್ದರೆ ಮೂರು ವರ್ಷಕ್ಕೆ ಕೇಳಿ: ಮೊದಲ ವರ್ಷ ಅತಿಥಿ ಕಲಾವಿದರು, ಉಳಿದೆರಡು ವರ್ಷ ಷರತ್ತಿಲ್ಲದ ಹಣ. ಆದರೆ ಖಜಾಂಚಿಯವರು ಹೇಳಿದ ವಾಗ್ದಾನದ ಕೊಕ್ಕೆ ಮತ್ತೆ ಹುಟ್ಟದಂತೆ ನೋಡಿಕೊಳ್ಳಿ.

ಹೊಸ_ವ್ಯವಸ್ಥಾಪಕಿ

ಪೂರ್ತಿ ಬೆಲೆಯ ಪಟ್ಟಿ ಇವತ್ತೇ ಶುರು ಮಾಡುತ್ತೇನೆ. ಖಜಾಂಚಿಯವರೇ, ಕೊನೆಯದೊಂದು ಪ್ರಶ್ನೆ. ಮುಂದಿನ ಮೂರು ತಿಂಗಳ ನಗದು ಪಟ್ಟಿ ಮಾಡುತ್ತಿದ್ದೇನೆ. ಚಂದಾ ಟಿಕೆಟ್ ಹಣವನ್ನು ಬಂದ ವಾರದಲ್ಲಿ ಬರೆಯಲೇ, ಕಛೇರಿ ನಡೆಯುವ ವಾರದಲ್ಲಿ ಬರೆಯಲೇ?

ಹಳೆಯ_ಖಜಾಂಚಿ

ನಗದು ಪಟ್ಟಿಯಾದ್ದರಿಂದ ಬಂದ ವಾರದಲ್ಲೇ ಬರೆಯಿರಿ, ಆದರೆ ಅದರ ಕೆಳಗೆ ಪ್ರತ್ಯೇಕ ಸಾಲು ಮಾಡಿ "ನುಡಿಸಬೇಕಾದ ಬಾಕಿ" ಎಂದು ಅದೇ ಮೊತ್ತವನ್ನು ಹಿಡಿದಿಡಿ. ಪ್ರತಿ ಕಛೇರಿ ಮುಗಿದ ವಾರ ಅದರ ಪಾಲನ್ನು ಆ ಸಾಲಿನಿಂದ ಬಿಡಿಸಿ. ಸಾಧ್ಯವಾದರೆ ಆ ಹಣಕ್ಕೆ ಬೇರೆ ಬ್ಯಾಂಕ್ ಖಾತೆಯನ್ನೇ ತೆರೆಯಿರಿ, ಎರಡು ಸಹಿ ಇಲ್ಲದೆ ತೆಗೆಯಲಾಗದಂತೆ. ಮೊದಲ ವರ್ಷ ಪೂರ್ತಿ ಮೊತ್ತ ಅಲ್ಲಿಡಲು ಆಗುವುದಿಲ್ಲ, ಯಾರಿಗೂ ಆಗುವುದಿಲ್ಲ. ಹತ್ತರಲ್ಲಿ ಒಂದು ಪಾಲಿನಿಂದ ಶುರು ಮಾಡಿ, ವರ್ಷಕ್ಕೊಂದು ಪಾಲು ಏರಿಸಿ. ದಾನಿಯ ಕಂತುಗಳನ್ನು ಮಾತ್ರ ಬ್ಯಾಂಕಿಗೆ ಬಿದ್ದ ದಿನಕ್ಕೆ ಮೊದಲು ಪಟ್ಟಿಯಲ್ಲಿ ಬರೆಯಬೇಡಿ, ಎಷ್ಟೇ ದೊಡ್ಡ ಮನುಷ್ಯರಾದರೂ ಸರಿಯೇ.